ಆರ್‌ಸಿ, ಎಂಜಿನ್, ಚಾಸಿ: ಹಳೆ ಲಾರಿಯ ವಯಸ್ಸು ಯಾವುದು ಹೇಳುತ್ತದೆ?

ಮುಧೋಳದ ಹತ್ತಿರ, ಕಬ್ಬಿನ ಹೊಲದ ಬದಿಗೆ, ಬೇವಿನ ಮರದ ಕೆಳಗೆ ಒಂದು ಟಾಟಾ ಬೆಂಝ್ ಲಾರಿ ನಿಂತಿತ್ತು. ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ. "ಅರವತ್ನಾಲ್ಕರ ಗಾಡಿ" ಎಂದರು ಮಾಲೀಕರು. ನೋಡಿದ ಕೂಡಲೇ ಮನಸ್ಸು ಸೋತಿತು. ಆದರೂ ಸುಮ್ನೆ ನಂಬಿ ದುಡ್ಡು ಕೊಡಲಿಲ್ಲ.

ನಕ್ಷತ್ರದಿಂದಲೇ ಶುರು ಮಾಡಿದೆ. ಟೆಲ್ಕೋ (ಟಾಟಾ ಮೋಟಾರ್ಸ್‌ನ ಹಳೆ ಹೆಸರು) ಮತ್ತು ಡೈಮ್ಲರ್-ಬೆಂಝ್ ಒಪ್ಪಂದ 1954ರಿಂದ 1969ರವರೆಗೆ ಇತ್ತು. ಆಮೇಲೆ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಅಂದಾಜಿಗೆ ಇದು ಒಳ್ಳೆಯದು. ಆದರೆ ಗ್ರಿಲ್ಲು ಗುಜರಿಯಲ್ಲೂ ಸಿಗುತ್ತದೆ ಅಲ್ವಾ?

ಆರ್‌ಸಿಯಲ್ಲಿ 1964 ಅಂತಲೇ ಇತ್ತು. ಅದು ನೋಂದಣಿಯ ವರ್ಷ. ಮಿಲಿಟರಿ ಹರಾಜಿನಿಂದ ಬಂದ ಗಾಡಿಯಾದರೆ, ತಯಾರಾದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು. ಬಾನೆಟ್ ಒಳಗಿನ ತಗಡಿನ ಪ್ಲೇಟಿನಿಂದ ಏನೂ ಸಿಗಲಿಲ್ಲ. ಪೇಂಟ್ ಬಳಿದಿದ್ದರು, ರಿವೆಟ್ ಹೊಸದು.

ಎಂಜಿನ್ ನೋಡಿದಾಗ ಅನುಮಾನ ಹುಟ್ಟಿತು. ಅದು 697. ಟಾಟಾದವರು ಅಳತೆಯನ್ನು ಹೆಸರಿನಲ್ಲೇ ಇಟ್ಟಿದ್ದಾರೆ: 6 ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. 692 ಆದರೆ 92 ಮಿ.ಮೀ. ಬೆಂಝ್ ಕಾಲದ ಓಎಂ 312 ಎಂಜಿನ್ನಿನ ಬೋರ್ 90 ಮಾತ್ರ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ಗೆಳೆಯನನ್ನು ಕರೆತಂದೆ. ಅವನು ಬ್ಲಾಕಿನ ಮೇಲೆ ಬೆರಳಾಡಿಸಿ ಹೇಳಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ಉಬ್ಬಿದ ಅಂಕಿ ಎರಕದ ಜೊತೆಗೇ ಬಂದದ್ದು, ಅಚ್ಚಿನಲ್ಲೇ ಇರುತ್ತದೆ. ತಗ್ಗಿದ ಅಂಕಿ ಆಮೇಲೆ ಪಂಚ್ ಹೊಡೆದದ್ದು, ಅದನ್ನು ಮತ್ತೊಬ್ಬರೂ ಹೊಡೆಯಬಹುದು. ಉಬ್ಬಿದ ಅಂಕಿಯಲ್ಲಿ 84 ಇತ್ತು. ಸುಳ್ಳಲ್ಲ, ಆದರೆ ಅದು ಬ್ಲಾಕಿನ ವಯಸ್ಸು, ಲಾರಿಯದಲ್ಲ.

ಉಳಿದದ್ದು ಚಾಸಿ. ಮುಂದಿನ ಬಲಗಾಲಿಯ ಹತ್ತಿರ ಫ್ರೇಮಿನ ಮೇಲೆ ಬೆರಳು ದಪ್ಪದ ಗ್ರೀಸು, ಮಣ್ಣು. ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ನೆನೆಸಿದೆ. ಹಳೆ ಬಟ್ಟೆಯಿಂದ ಒರೆಸಿ, ಮೆತ್ತಗಿನ ಬ್ರಶ್ಶಿನಿಂದ ತಿಕ್ಕಿದೆ. ದಯವಿಟ್ಟು ಗ್ರೈಂಡರ್ ಹಚ್ಚಬೇಡಿ, ಅಂಕಿ ಅಳಿಸಿದರೆ ಗಾಡಿಯ ಗುರುತೇ ಹೋದಂತೆ. ಮೊದಲು ತಗ್ಗಿಗೆ ರಂಗೋಲಿ ಪುಡಿ ತುಂಬಿದೆ. ಅರ್ಧ ಅಂಕಿಗಳಷ್ಟೇ ಕಂಡವು. ಪುಡಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದೆ, ಆರ್‌ಟಿಒಗೆ ಕೊಡುತ್ತೇವಲ್ಲ, ಹಾಗೆ. ಮೊದಲ ಮೂರು ಅಂಕಿ 312, ಬೆಂಝ್ ಕಾಲದ ಲಾರಿಯ ಮಾದರಿ. ಉಳಿದವೂ ಆರ್‌ಸಿಗೆ ಒಂದೊಂದಾಗಿ ಹೊಂದಿದವು.

ಈಗಿನ ಗಾಡಿಗಳ 17 ಅಕ್ಷರದ ನಂಬರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಹತ್ತನೆಯ ಅಕ್ಷರ ವರ್ಷ ಹೇಳುತ್ತದೆ: 'ವೈ' ಅಂದರೆ 2000, '1' ಅಂದರೆ 2001.

ಇವೆಲ್ಲದರಲ್ಲಿ ನಾನು ಜಾಸ್ತಿ ನಂಬುವುದು ಚಾಸಿಯ ಪೆನ್ಸಿಲ್ ಪ್ರಿಂಟನ್ನು, ಆಮೇಲೆ ಉಬ್ಬಿದ ಅಂಕಿಯನ್ನು. ಚಾಸಿ ಬೆಂಝ್ ಕಾಲದ್ದು, ಎಂಜಿನ್ ಆಮೇಲಿನದು. ಇದನ್ನು ಮಾಲೀಕರಿಗೂ ತೋರಿಸಿದೆ, ಅವರಿಗೇ ಗೊತ್ತಿರಲಿಲ್ಲ. ಬೆಲೆ ಮತ್ತೆ ಮಾತಾಡಿ ಲಾರಿ ತಂದೆ. ಗೇರ್‌ಬಾಕ್ಸಿನ ಉಬ್ಬಿದ ಅಂಕಿ ಓದುವುದು ಇನ್ನೂ ಬಾಕಿ ಇದೆ. ಮಳೆ ನಿಂತ ಮೇಲೆ ಗೆಳೆಯ ಬರುತ್ತಾನೆ.