ಎಂವೈ ನಂಬರಿನ ಜೀಪಿಗೆ ಕೈಬರಹದ ಕಪ್ಪು ಪ್ಲೇಟ್: ಶಿರಸಿ ಪೇಂಟರ್ ಕೆಲಸ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಹಳೇ ಗಾಡಿಗೆ ಕೈಯಲ್ಲಿ ಬರೆದ ಕಪ್ಪು ನಂಬರ್ ಪ್ಲೇಟ್ ಬೇಕು ಅಂದರೆ ಶಿರಸಿಯ ಬಿಡ್ಕಿಬೈಲಿನ ಹತ್ತಿರ ಒಬ್ಬ ಪೇಂಟರ್ ಇದ್ದಾರೆ, ಕಣ್ಣು ಮುಚ್ಚಿಕೊಂಡು ಹೋಗಿ. ಅದನ್ನು ಹಾಕಿಕೊಂಡು ದಿನಾ ರಸ್ತೆಗೆ ಇಳಿಯುವ ಯೋಚನೆ ಇದ್ದರೆ ಮಾತ್ರ ಪೂರ್ತಿ ಓದಿಕೊಂಡು ಹೋಗಿ. ಅಂಗಡಿಗೆ ಬೋರ್ಡಿಲ್ಲ. ಊರಿಗೆಲ್ಲ ಬೋರ್ಡ್ ಬರೆಯುವವರಿಗೆ ತಮ್ಮದಕ್ಕೆ ಪುರಸೊತ್ತಿಲ್ಲ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಹಳೇ ಜೀಪಿಗೆ ಪ್ಲೇಟ್ ಬರೆಯುವವರು ಎಲ್ಲಿ ಅಂತ ಕೇಳಿದರೆ ಅಲ್ಲಿ ಯಾರಾದರೂ ತೋರಿಸುತ್ತಾರೆ.

ನಮ್ಮ ಜೀಪ್ ಮಹೀಂದ್ರ ಸಿಜೆ-3ಬಿ, 1971ರದ್ದು. ಅಪ್ಪ ತಗೊಂಡಿದ್ದು. ನಂಬರ್ ಎಂವೈ ಅಂತ ಶುರುವಾಗುತ್ತದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರಿನಲ್ಲಿ, ಇದು ಅದಕ್ಕಿಂತ ಹಳೇದು, ಮೈಸೂರು ರಾಜ್ಯದ ಕಾಲದ್ದು. ಈಗಿನ ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಇವೆಲ್ಲ 1988ರ ಮೋಟಾರು ವಾಹನ ಕಾಯ್ದೆ ಬಂದ ಮೇಲಿನ ಲೆಕ್ಕ. ಜೀಪನ್ನು ನಾವು ಷೋಕಿಗೆ ಇಟ್ಟಿಲ್ಲ. ಬೇಸಿಗೆಯಲ್ಲಿ ಬೆಟ್ಟದಿಂದ ದರಕು, ಅಂದರೆ ಒಣಗಿದ ಎಲೆ ತರುತ್ತದೆ. ಕೊಯ್ಲು ಮುಗಿದ ಮೇಲೆ ಅಡಿಕೆ ಮೂಟೆ ಹೊತ್ತು ಶಿರಸಿಗೆ ಹೋಗುತ್ತದೆ. ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ತಂಗಿ ಮನೆಗೆ. ಘಟ್ಟದಲ್ಲಿ ಹಿಂದೆ ಬಂದವರು ಹಾರ್ನ್ ಹೊಡೆದು ಬೈದುಕೊಳ್ಳುತ್ತಾರೆ, ಅದು ಬೇರೆ ವಿಷಯ.

ಮೊದಲು ಖಾಸಗಿ ಗಾಡಿಗೆಲ್ಲ ಕಪ್ಪು ಪ್ಲೇಟ್, ಬಿಳಿ ಅಕ್ಷರ. 2000ದ ದಶಕದ ಶುರುವಿನಲ್ಲಿ ಅದು ಉಲ್ಟಾ ಆಯಿತು, ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ಆಗ ಅಪ್ಪ ಸುಮ್ನೆ ಒಂದು ಸ್ಟಿಕ್ಕರ್ ಪ್ಲೇಟ್ ಹಾಕಿಸಿ ಹಳೇದನ್ನು ಅಟ್ಟಕ್ಕೆ ಎಸೆದಿದ್ದರು. ಜೀಪಿಗೆ ಬಣ್ಣ ಮಾಡಿಸುವಾಗ ಅದನ್ನು ಹುಡುಕಿ ತೆಗೆದೆ. ಬೋಲ್ಟಿನ ತೂತುಗಳ ಸುತ್ತ ತಗಡೇ ಇರಲಿಲ್ಲ, ಕೈಯಲ್ಲಿ ಮುಟ್ಟಿದರೆ ಪುಡಿ. ಅಕ್ಷರ ಮಾತ್ರ ಗಟ್ಟಿಯಾಗಿ ಕೂತಿತ್ತು. ಅದನ್ನೇ ಹಿಡಿದುಕೊಂಡು ಪೇಂಟರ್ ಹತ್ತಿರ ಹೋಗಿದ್ದು.

ಅವರು ಮಾಡಿದ ಮೊದಲ ಕೆಲಸ ನನಗೆ ಇಷ್ಟವಾಯಿತು. ಹಳೇ ಪ್ಲೇಟಿನ ಮೇಲೆ ಬಟರ್ ಪೇಪರ್ ಇಟ್ಟು ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ತಿದ್ದಿಕೊಂಡರು. ಮೂಲದಲ್ಲಿ ವೈ ಅಕ್ಷರದ ಕಾಲು ಸ್ವಲ್ಪ ಎಡಕ್ಕೆ ವಾಲಿತ್ತು. ತಲೆ ಎತ್ತಿ ಕೇಳಿದರು, "ಇದನ್ನ ನೆಟ್ಟಗೆ ಮಾಡ್ಲೋ, ಹೀಗೇ ಬಿಡ್ಲೋ?" ಹೀಗೇ ಬಿಡಿ ಅಂದೆ. ಈ ಪ್ರಶ್ನೆಯನ್ನು ಯಾವ ಮಿಷನ್ನೂ ಕೇಳುವುದಿಲ್ಲ ಅಲ್ವಾ? ದುಡ್ಡು ಕೊಟ್ಟಿದ್ದಕ್ಕೆ ಅಲ್ಲಿಗೇ ಸಮಾಧಾನ ಆಯಿತು.

ಕೆಲಸ ನೋಡುತ್ತಾ ಕೂರಬಹುದು, ಬೇಡ ಅನ್ನುವುದಿಲ್ಲ. 18 ಗೇಜ್ ಕಬ್ಬಿಣದ ತಗಡು. ಅದಕ್ಕೆ ಮರಳುಕಾಗದ ಹಾಕಿ ತಿಕ್ಕಿ, ಥಿನ್ನರ್‌ನಲ್ಲಿ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್. ಅದು ಒಣಗಿದ ಮೇಲೆ ಕಪ್ಪು ಎನಾಮಲ್ ಎರಡು ಕೋಟ್. ಸೀಮೆಸುಣ್ಣ ಹಚ್ಚಿದ ದಾರವನ್ನು ಎರಡೂ ಕಡೆ ಹಿಡಿದು ಟಪ್ ಅಂತ ಬಿಟ್ಟರೆ ಮೇಲಿನ ಗೆರೆ, ಇನ್ನೊಮ್ಮೆ ಬಿಟ್ಟರೆ ಕೆಳಗಿನ ಗೆರೆ. ಬಲಗೈ ಮಣಿಕಟ್ಟಿನ ಕೆಳಗೆ ತುದಿಗೆ ಬಟ್ಟೆ ಸುತ್ತಿದ ಒಂದು ಕೋಲು. ಚಪ್ಪಟೆ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಡಬ್ಬದ ಅಂಚಿಗೆ ಒರೆಸಿ, ಎಂ ಅಕ್ಷರದ ಕಾಲನ್ನು ಒಂದೇ ಎಳೆತಕ್ಕೆ ಇಳಿಸುತ್ತಾರೆ. ಟೇಪ್ ಇಲ್ಲ, ಸ್ಟೆನ್ಸಿಲ್ ಇಲ್ಲ. 8 ಬರೆಯುವಾಗ ಮಾತ್ರ ಮಾತು ನಿಲ್ಲಿಸುತ್ತಾರೆ. ಹತ್ತಿರದಿಂದ ನೋಡಿದರೆ ಬಣ್ಣದ ಅಂಚು ತಗಡಿನಿಂದ ಕೂದಲೆಳೆಯಷ್ಟು ಎದ್ದಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಸ್ಟಿಕ್ಕರ್‌ನಲ್ಲಿ ಆ ಉಬ್ಬು ಬರುವುದಿಲ್ಲ. ಮುಂದೆ ಹಿಂದೆ ಸೇರಿ 900 ರೂಪಾಯಿ ತಗೊಂಡರು. ಜಾಸ್ತಿ ಅಂತ ನನಗೆ ಅನಿಸಲಿಲ್ಲ.

ಈಗ ದೂರು. ಒಂದು, ಹೇಳಿದ ದಿನಕ್ಕೆ ಕೊಡುವುದಿಲ್ಲ. ಫೋನ್ ಎತ್ತುವುದಿಲ್ಲ. ಮಳೆಗಾಲದಲ್ಲಂತೂ ಕೆಲಸವನ್ನೇ ಹಿಡಿಯುವುದಿಲ್ಲ, ಬಣ್ಣ ಒಣಗುವುದಿಲ್ಲ ಅನ್ನುತ್ತಾರೆ. ಶಿರಸಿಯ ಜುಲೈ ಗೊತ್ತಿದ್ದವರು ಅದಕ್ಕೆ ಎದುರು ಮಾತಾಡುವುದಿಲ್ಲ. ಎರಡನೇದು ನಿಜವಾದ ಲೋಪ. ಬೋಲ್ಟಿನ ತೂತನ್ನು ಬಣ್ಣ ಆದ ಮೇಲೆ ಕೊರೆಯುತ್ತಾರೆ. ಆಗ ತೂತಿನ ಒಳ ಅಂಚು ಬೆತ್ತಲೆ. ಹಿಂಭಾಗಕ್ಕೆ ಪ್ರೈಮರ್ ಮಾತ್ರ, ಮೇಲೆ ಎನಾಮಲ್ ಇಲ್ಲ. ಮಲೆನಾಡಿನ ಮಳೆ ಇದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಕುಮಟಾದ ಗಾಳಿ ಬಿಡುವುದಿಲ್ಲ. ತಂಗಿ ಮನೆ ಸಮುದ್ರಕ್ಕೆ ಹತ್ತಿರ. ಅಲ್ಲಿ ರಾತ್ರಿಯೆಲ್ಲ ನಿಲ್ಲಿಸಿ ಬೆಳಗ್ಗೆ ನೋಡಿದರೆ ಗಾಜಿನ ಮೇಲೆ ಅಂಟಂಟು ಉಪ್ಪು. ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕೂ ಬೋಲ್ಟಿನ ಕೆಳಗೆ ಕಂದು ಬಣ್ಣದ ಗೆರೆ ಇಳಿದಿತ್ತು. ಹಾಗಾಗಿ ನನ್ನ ಮಾತು ಕೇಳಿ: ಗಾಡಿಯ ತೂತಿನ ಅಳತೆ ಮೊದಲೇ ಕೊಟ್ಟು, ಕೊರೆಸಿ, ಆಮೇಲೆ ಪ್ರೈಮರ್ ಹೊಡೆಸಿ. ಹಿಂಭಾಗಕ್ಕೂ ಕಪ್ಪು ಕೋಟ್ ಕೇಳಿ. ಸ್ಟೀಲ್ ಬೋಲ್ಟ್ ಹಾಕುವುದಾದರೆ ಎರಡೂ ಕಡೆ ರಬ್ಬರ್ ವಾಷರ್ ಇರಲಿ. ಕಾರವಾರ, ಅಂಕೋಲಾ ಕಡೆಯವರು ಇದರಲ್ಲಿ ಒಂದನ್ನೂ ಬಿಡಬೇಡಿ.

ಇನ್ನು ರಸ್ತೆಯ ಕಥೆ. ಕಪ್ಪು ಪ್ಲೇಟ್ ಹಾಕಿಕೊಂಡು ಕಾರವಾರ ದಾಟಿ ಗೋವಾ ಕಡೆ ಹೊರಟಿದ್ದೆ. ಕಾಳಿ ನದಿಯ ಹಳೇ ಸೇತುವೆ ಇನ್ನೂ ನಿಂತಿತ್ತು, ಅಂದರೆ 2024ರ ಆಗಸ್ಟಿಗೂ ಮುಂಚಿನ ಮಾತು. ಮಾಜಾಳಿ ದಾಟಿದ ಮೇಲೆ ಪೊಲೀಸರು ಕೈ ತೋರಿಸಿದರು. ಮೊದಲ ಪ್ರಶ್ನೆ, "ಇದು ಬಾಡಿಗೆ ಗಾಡಿಯಾ? ಪರ್ಮಿಟ್ ಎಲ್ಲಿ?" ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಈಗ ಕಪ್ಪು ಪ್ಲೇಟ್ ಅಂದರೆ ಸೆಲ್ಫ್ ಡ್ರೈವ್ ಬಾಡಿಗೆ ಗಾಡಿ, ಅದರ ಮೇಲೆ ಹಳದಿ ಅಕ್ಷರ. ಗೋವಾದಲ್ಲಿ ಅಂಥವು ಬೀದಿ ತುಂಬ. ದೂರದಿಂದ ನೋಡುವವರಿಗೆ ಬಿಳಿ ಯಾವುದು, ಹಳದಿ ಯಾವುದು? ನಮ್ಮ ಬಿಳಿಯೂ ಬಿಸಿಲಿಗೆ ಸ್ವಲ್ಪ ಹಳದಿಗೆ ತಿರುಗಿತ್ತು. ಆರ್‌ಸಿ ತೋರಿಸಿದೆ, ಎಂವೈ ಅಂದರೇನು ಅಂತ ವಿವರಿಸಿದೆ. ಅವರಲ್ಲಿ ವಯಸ್ಸಾದವರೊಬ್ಬರು ಜೀಪಿನ ಸುತ್ತ ಒಂದು ಸುತ್ತು ಬಂದು, ಮರಳುವಾಗ ಈ ಪ್ಲೇಟಲ್ಲಿ ಬರಬೇಡಿ ಅಂತ ಹೇಳಿ ಬಿಟ್ಟರು. ಅದಾದ ಮೇಲೆ ಗೋಕರ್ಣದಲ್ಲಿ ಇಬ್ಬರು ಹುಡುಗರು ಬಂದು ದಿನಕ್ಕೆ ಎಷ್ಟು ಅಂತ ಕೇಳಿದರು. ನನ್ನ ಹೆಂಡತಿ ಅದನ್ನು ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾಳೆ.

ತಮಾಷೆ ಇರಲಿ, ಕಾನೂನು ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮ 50ರಲ್ಲಿ ಪ್ಲೇಟ್ ಹೇಗಿರಬೇಕು, ಎಲ್ಲಿರಬೇಕು ಅಂತ ಬರೆದಿಟ್ಟಿದ್ದಾರೆ. ಖಾಸಗಿ ಗಾಡಿಗೆ ಬಿಳಿ ಮೇಲೆ ಕಪ್ಪು, ಇಂಗ್ಲಿಷ್ ಅಕ್ಷರ, ಅಂಕಿಯೂ ಹಾಗೆಯೇ. ಬೈಕಿನವರು ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ಹಳೇ ಬೈಕುಗಳ ಮುಂದಿನ ಮಡ್‌ಗಾರ್ಡ್ ಮೇಲೆ ಉದ್ದುದ್ದ ನಿಲ್ಲಿಸುತ್ತಿದ್ದ ಪ್ಲೇಟ್ ಚೆಂದ ಕಾಣುತ್ತದೆ ನಿಜ, ಆದರೆ ಮುಂದಿನ ನಂಬರ್ ಹ್ಯಾಂಡಲಿಗೆ ಸಮಾನಾಂತರವಾಗಿ ಇರಬೇಕು ಅನ್ನುತ್ತದೆ ನಿಯಮ. ಗಾಡಿ ಹಳೇದು ಅಂತ ಇದರಲ್ಲಿ ರಿಯಾಯಿತಿ ಇಲ್ಲ. ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, 2019ರ ಏಪ್ರಿಲ್ 1ರಿಂದ ಕಡ್ಡಾಯ. ಅದಕ್ಕಿಂತ ಹಳೇ ಗಾಡಿಗಳಿಗೂ ಹಾಕಿಸಿ ಅಂತ ನಮ್ಮ ರಾಜ್ಯದ ಆದೇಶ ಬಂದಿದ್ದು 2023ರ ಆಗಸ್ಟಿನಲ್ಲಿ. ಗಡುವು ಮೇಲಿಂದ ಮೇಲೆ ಮುಂದಕ್ಕೆ ಹೋಯಿತು, ಅದು ನಿಮಗೇ ಗೊತ್ತು.

ಎಚ್‌ಎಸ್‌ಆರ್‌ಪಿ ಹಾಕಿಸಿದರೆ ಎಂವೈ ಹೋಗಿ ಕೆಎ ಬರುತ್ತದೆ ಅಂತ ಊರಲ್ಲಿ ಹೆದರಿಸುವವರು ಇದ್ದಾರೆ. ಹಾಗೇನಿಲ್ಲ. ಇದ್ದ ನಂಬರೇ ಅಚ್ಚಾಗಿ ಬರುತ್ತದೆ. ನೋಡಬೇಕಾದ್ದು ಇಷ್ಟೇ, ನಿಮ್ಮ ಹಳೇ ನಂಬರ್ ಸರ್ಕಾರದ ವಾಹನ್ ತಂತ್ರಾಂಶದಲ್ಲಿ ಇದೆಯಾ? ಹಳೇ ಲೆಡ್ಜರಿನಲ್ಲೇ ಉಳಿದುಹೋಗಿದ್ದರೆ ಬುಕಿಂಗ್ ಮುಂದೆ ಹೋಗುವುದಿಲ್ಲ. ಮೊದಲು ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ತಂತ್ರಾಂಶಕ್ಕೆ ಏರಿಸುವ ಕೆಲಸ, ಮಾಡಿಸಬೇಕು. ಆರ್‌ಸಿ ಪುಸ್ತಕ, ಇನ್ಶೂರೆನ್ಸ್, ಚಾಸಿ ನಂಬರಿನ ಫೋಟೊ ಎಲ್ಲ ಒಟ್ಟಿಗೆ ಇಟ್ಟುಕೊಂಡು ಹೋಗಿ.

ಪ್ಲೇಟ್ ಹೇಗಿದೆ ಅಂದರೆ, ನೋಡಲು ನನಗೆ ಹಿಡಿಸಲಿಲ್ಲ, ಕೆಲಸಕ್ಕೆ ಹಿಡಿಸಿತು. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ. ಎಡಕ್ಕೆ ಅಶೋಕ ಚಕ್ರದ ಹಾಲೋಗ್ರಾಂ, ಅದರ ಕೆಳಗೆ ನೀಲಿ ಬಣ್ಣದಲ್ಲಿ ಐಎನ್‌ಡಿ, ಲೇಸರ್‌ನಲ್ಲಿ ಕೊರೆದ ಗುರುತಿನ ಸಂಖ್ಯೆ. ಅಕ್ಷರದ ಕಪ್ಪು ಫಾಯಿಲಿನ ಮೇಲೆ ಓರೆಯಾಗಿ ಇಂಡಿಯಾ ಅಂತ ಸಣ್ಣಗೆ ಬರೆದಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಮುಂದಿನದು 500 ಗುಣಿಲೆ 120 ಮಿಲಿಮೀಟರ್. ಜೀಪಿನ ನೇರ ಬಂಪರಿನ ಮೇಲೆ ಉದ್ದಕ್ಕೆ ಸರಿಯಾಗಿ ಕೂತರೂ ಮೇಲೆ ಒಂಚೂರು ಹೊರಗೆ ಇಣುಕುತ್ತದೆ. ಹಿಂದೆ 340 ಗುಣಿಲೆ 200ರದ್ದು ಹಾಕಿಸಿದೆ, ಅದು ಚೆನ್ನಾಗಿ ಹೊಂದಿತು. ಫಿಟ್ ಮಾಡುವ ಹುಡುಗ ಬಂದವನೇ ಬಂಪರಿಗೆ ಡ್ರಿಲ್ ಹಿಡಿದ. ತಡೆದು, ಹಳೇ ತೂತಿಗೆ ಸರಿಯಾಗಿ ಒಂದು ಪಟ್ಟಿ ಮಾಡಿಸಿ, ಪ್ಲೇಟನ್ನು ಆ ಪಟ್ಟಿಯ ಮೇಲೆ ಸ್ನ್ಯಾಪ್ ಲಾಕ್ ಹಾಕಿಸಿದೆ. ಲಾಕ್ ಒಮ್ಮೆ ಬಿದ್ದರೆ ಒಡೆದೇ ತೆಗೆಯಬೇಕು, ಹಾಗಾಗಿ ಈ ಮಾತನ್ನು ಮೊದಲೇ ಆಡಿ. ಎರಡು ಪ್ಲೇಟಿನ ಜೊತೆ ಗಾಜಿಗೆ ಅಂಟಿಸಲು ಬರುವ ಸ್ಟಿಕ್ಕರ್ ಡೀಸೆಲ್ ಗಾಡಿಗೆ ಕಿತ್ತಳೆ ಬಣ್ಣ, ಪೆಟ್ರೋಲಿಗೆ ತಿಳಿ ನೀಲಿ.

ಉಪ್ಪುಗಾಳಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಎಷ್ಟೋ ವಾಸಿ. ಆದರೆ ಆ ಕಪ್ಪು ಫಾಯಿಲ್ ಬಹಳ ನಾಜೂಕು. ನಮ್ಮ ಕೆಂಪು ಮಣ್ಣು ಒಣಗಿ ಹಿಡಿದುಕೊಂಡಾಗ ತೆಂಗಿನ ನಾರು ತಗೊಂಡು ತಿಕ್ಕುವ ಅಭ್ಯಾಸ ಎಲ್ಲರಿಗೂ ಇದೆ. ಹಾಗೆ ಮಾಡಿದರೆ ಅಕ್ಷರ ಬೆಳ್ಳಗಾಗುತ್ತದೆ. ಪಕ್ಕದ ತೋಟದವರ ಪಿಕಪ್ಪಿನ ನಂಬರ್ ಈಗ ಬಿಳಿ ಮೇಲೆ ಬಿಳಿ. ನೀರು ಸುರಿದು ನೆನೆಯಲು ಬಿಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿಯಬೇಡಿ.

"ವಿಎ ನಂಬರ್ ಮಾಡ್ಸಿಬಿಡು, ರಗಳೆನೇ ಇಲ್ಲ" ಅಂತ ವಿಂಟೇಜ್ ನೋಂದಣಿಯ ಸಲಹೆ ಕೊಟ್ಟವರು ಕಡಿಮೆ ಏನಲ್ಲ. ಅವರು ನಿಯಮ ಓದಿದಂತಿಲ್ಲ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಎರಡು ಮತ್ತು ನಾಲ್ಕು ಚಕ್ರದ ಗಾಡಿಗೆ ಈ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಮೊದಲೇ ನೋಂದಣಿ ಇದ್ದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಣಿ ಆಗುವುದಕ್ಕೆ ವಿಎ ಸರಣಿ. ಕೇಳಲು ಚೆನ್ನಾಗಿದೆ. ಆದರೆ ಆ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಹೊರಗೆ ತೆಗೆಯಬಹುದು. ದರಕು ಹೊರುವುದು ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಅದೂ ಅಲ್ಲದೆ ನಮ್ಮ ಜೀಪಿನ ಪೆಟ್ರೋಲ್ ಎಂಜಿನ್ ತೆಗೆದು ಅಪ್ಪ ಡೀಸೆಲ್ ಹಾಕಿಸಿದ್ದಾರೆ, ಆರ್‌ಸಿಯಲ್ಲೂ ಬರೆಸಿದ್ದಾರೆ. ಮಲೆನಾಡಿನ ಹಳೇ ಜೀಪುಗಳಲ್ಲಿ ಇದು ಸಾಮಾನ್ಯ. ಎಂಜಿನ್ ಬದಲಾದ ಮೇಲೆ ಮೂಲ ರೂಪ ಎಲ್ಲಿಂದ ಬಂತು? ವಿಎ ಸೌಲಭ್ಯ ಗ್ಯಾರೇಜಿನಲ್ಲಿ ಮುಸುಕು ಹೊದ್ದು ಮಲಗಿರುವ ಕಾರುಗಳಿಗೆ ಹೇಳಿ ಮಾಡಿಸಿದ್ದು.

ಆನ್‌ಲೈನಿನಲ್ಲಿ ವಿಂಟೇಜ್ ಪ್ಲೇಟ್ ಅಂತ ಮಾರುವುದನ್ನೂ ಒಂದು ತರಿಸಿದ್ದೆ. ತೆಳು ತಗಡು, ತುಕ್ಕು ಹಿಡಿದಂತೆ ಪ್ರಿಂಟ್ ಮಾಡಿದ ಬಣ್ಣ. ನಿಜವಾದ ತುಕ್ಕು ಪುಕ್ಕಟೆ ಸಿಗುವ ಜಿಲ್ಲೆಯಲ್ಲಿ ಇದಕ್ಕೆ ದುಡ್ಡು ಯಾಕೆ? ಗೋಡೆಗೆ ಹಾಕಬಹುದು ಅಷ್ಟೇ.

ಸದ್ಯ ನನ್ನ ವ್ಯವಸ್ಥೆ ಹೀಗಿದೆ. ರಸ್ತೆಗೆ ಎಚ್‌ಎಸ್‌ಆರ್‌ಪಿ, ಮುಂದೆಯೂ ಹಿಂದೆಯೂ. ಪೇಂಟರ್ ಬರೆದ ಹಿಂದಿನ ಪ್ಲೇಟ್ ಟೇಲ್‌ಗೇಟಿನ ಒಳಬದಿಗೆ, ಹೊರಗಿನವರಿಗೆ ಕಾಣುವುದಿಲ್ಲ. ಮೂಟೆ ಇಳಿಸಲು ಬಾಗಿಲು ತೆಗೆದಾಗ ಹಮಾಲರು ಓದುತ್ತಾರೆ. ಮುಂದಿನದು ಮನೆಯಲ್ಲಿದೆ. ಯಾರಾದರೂ ಹಳೇ ಗಾಡಿಗಳ ಪ್ರದರ್ಶನ ಮಾಡಿದರೆ, ಗಾಡಿ ಮೈದಾನದಲ್ಲಿ ನಿಂತ ಮೇಲೆ ತಂತಿಯಲ್ಲಿ ಕಟ್ಟುತ್ತೇನೆ. ಒಟ್ಟಿಗೆ ಎರಡು ಪ್ಲೇಟ್ ಹಾಕಿಕೊಂಡು ರಸ್ತೆಯಲ್ಲಿ ಓಡಿಸುವ ಐಡಿಯಾ ಕೆಲವರದ್ದಿದೆ, ನಾನಂತೂ ಮಾಡುವುದಿಲ್ಲ.

ಪೇಂಟರ್ ಹತ್ತಿರ ಹೋಗುವವರು ದೀಪಾವಳಿ ಕಳೆದ ಮೇಲೆ ಹೋಗಿ, ಬಿಸಿಲು ಇರುತ್ತದೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜನವರಿ ಒಳಗೇ ಕೆಲಸ ಮುಗಿಸಿಕೊಳ್ಳಿ. ಆಮೇಲೆ ಜಾತ್ರೆ ಅಂಗಡಿಗಳ ಬೋರ್ಡ್ ಕೆಲಸ ಶುರುವಾಗುತ್ತದೆ, ನಿಮ್ಮ ಪ್ಲೇಟ್ ಮೂಲೆಯಲ್ಲಿ ಬಿದ್ದಿರುತ್ತದೆ. ಹಳೇ ಪ್ಲೇಟ್ ಇದ್ದರೆ ಎಷ್ಟೇ ತುಕ್ಕು ಹಿಡಿದಿದ್ದರೂ ಒಯ್ಯಿರಿ. ಇಲ್ಲದಿದ್ದರೆ ಅಪ್ಪನೋ ಅಜ್ಜನೋ ಗಾಡಿ ಮುಂದೆ ನಿಂತು ತೆಗೆಸಿದ ಫೋಟೊ ಆದರೂ ಸಾಕು, ಅದನ್ನು ನೋಡಿಯೇ ಅಕ್ಷರ ಎತ್ತುತ್ತಾರೆ. ಅಡ್ವಾನ್ಸ್ ಕೇಳುವುದಿಲ್ಲ, ಕೊಟ್ಟರೆ ಬೇಗ ಮಾಡುತ್ತಾರೆ ಅಂತಲೂ ಇಲ್ಲ.