ಸಿಂಕ್ ಮತ್ತು ಏಸಿಂಕ್: ಮಳೆಗಾಲದಲ್ಲಿ ಎರಡನ್ನೂ ಬಳಸಿ ನೋಡಿದಾಗ

ಪತ್ತನಾಜೆ, ಅಂದರೆ ತಿರುಗಾಟ ಮುಗಿಯುವ ದಿನ, ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ತಿರುಗಾಟದುದ್ದಕ್ಕೂ ಚಿತ್ರೀಕರಿಸಿಕೊಂಡ ಆಟಗಳನ್ನು ಗಣಕಕ್ಕೆ ತುಂಬಿಸುವ ಕೆಲಸ ನನ್ನದು. ಉಡುಪಿಯಲ್ಲಿ ಅದು ಸರಿಯಾಗಿ ಗುಡುಗು ಮಳೆಯ ಕಾಲಕ್ಕೇ ಬೀಳುತ್ತದೆ. ಯುಪಿಎಸ್ ಕೆಟ್ಟಿದ್ದ ಈ ಸಲ, ಲಿನಕ್ಸ್‌ನ ಡಿಸ್ಕನ್ನು ‘ಸಿಂಕ್’ ಆಯ್ಕೆಯಲ್ಲಿ ಮೌಂಟ್ ಮಾಡಿದರೆ (ಬಳಕೆಗೆ ಜೋಡಿಸಿದರೆ) ಕರೆಂಟು ಹೋದರೂ ಚಿಂತೆಯಿಲ್ಲವೆಂದು ಭಾವಿಸಿ, ಎರಡು ಬಗೆಯನ್ನೂ ಒಂದೊಂದು ವಾರ ಬಳಸಿದೆ.

ಏಸಿಂಕ್‌ನಲ್ಲಿ, ಅಂದರೆ ತಾನಾಗಿಯೇ ಇರುವ ವ್ಯವಸ್ಥೆಯಲ್ಲಿ, ನಕಲು ಮುಗಿಯಿತೆಂದು ತೆರೆ ಹೇಳಿದ ಮೇಲೂ ಡಿಸ್ಕಿನ ದೀಪ ಮಿನುಗುತ್ತಲೇ ಇರುತ್ತದೆ, ಏಕೆಂದರೆ ದತ್ತಾಂಶ ಇನ್ನೂ ರ‍್ಯಾಮ್‌ನಲ್ಲಿದೆ. ಸಾಮಾನ್ಯ ಹೊಂದಿಕೆಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡು ಹಳೆಯದಾದದ್ದನ್ನು ಡಿಸ್ಕಿಗೆ ಇಳಿಸುತ್ತದೆ. ಆ ನಡುವೆ ಕರೆಂಟು ಹೋದರೆ, ಇಳಿಯದೆ ಉಳಿದದ್ದು ಹೋಯಿತೆಂದೇ ಲೆಕ್ಕ.

ಸಿಂಕ್‌ನಲ್ಲಿ ಪ್ರತಿಯೊಂದು ಬರಹವೂ ಡಿಸ್ಕನ್ನು ಮುಟ್ಟುವವರೆಗೆ ಪ್ರೋಗ್ರಾಮು ಕಾಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕಾಗುವುದರಿಂದ, ಬರಹಕ್ಕೊಂದು ಸುತ್ತೆಂದು ಹಿಡಿದರೂ ಸೆಕೆಂಡಿಗೆ 120 ಬರಹಗಳಿಗಿಂತ ಹೆಚ್ಚು ಸಾಗದು. ದೊಡ್ಡ ವಿಡಿಯೊ ಹೇಗೋ ಏಗಿಕೊಂಡು ಸಾಗಿತು. ಆದರೆ ಪ್ರಸಂಗಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟ ಸಾವಿರಾರು ಸಣ್ಣ ಫೈಲುಗಳ ಟಾರ್ ಕಟ್ಟನ್ನು ಬಿಚ್ಚಲು ಹೊರಟಾಗ ಡಿಸ್ಕು ಕಟಕಟನೆ ಸದ್ದು ಮಾಡತೊಡಗಿತು. ನಾನು ಊಟ ಮುಗಿಸಿ ಬಂದರೂ ಅದು ಮುಗಿದಿರಲಿಲ್ಲ.

ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಒಂದು ಸಂಜೆ, ಸಿಂಕ್ ಇರುವಾಗಲೇ, ನಕಲಿನ ನಡುವೆ ಕರೆಂಟು ಹೋಯಿತು. ಮತ್ತೆ ತೆರೆದು ನೋಡಿದರೆ ಫೈಲಿನ ಹೆಸರಿತ್ತು, ಆಟ ಮಾತ್ರ ಆರಂಭದ ಒಡ್ಡೋಲಗದಲ್ಲೇ ನಿಂತಿತ್ತು. ಬರೆದಷ್ಟು ಉಳಿಯುತ್ತದೆಯೇ ಹೊರತು, ಅರ್ಧ ಬರೆದದ್ದನ್ನು ಸಿಂಕ್ ಪೂರ್ತಿ ಮಾಡಿಕೊಡುವುದಿಲ್ಲ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ದತ್ತಾಂಶದ ಕಾಳಜಿಯಿರುವ ಡೇಟಾಬೇಸಿನಂಥ ಪ್ರೋಗ್ರಾಮುಗಳು ಬೇಕಾದ ಕಡೆ, ಒಂದು ಫೈಲನ್ನು ಆಗಲೇ ಡಿಸ್ಕಿಗೆ ಇಳಿಸುವ ಎಫ್‌ಸಿಂಕ್ ಕರೆಯನ್ನು ತಾವೇ ಮಾಡುತ್ತವೆ. ಅದಕ್ಕಾಗಿ ಇಡೀ ಡಿಸ್ಕನ್ನು ನಿಧಾನಗೊಳಿಸುವುದು ನನಗೆ ಸರಿಕಾಣಲಿಲ್ಲ.

ಪೆನ್ ಡ್ರೈವಿಗಂತೂ ಸಿಂಕ್ ಬೇಡವೇ ಬೇಡ. ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾದ ಫ್ಯಾಟ್ ಫೈಲ್ ಸಿಸ್ಟಮಿನಲ್ಲಿ, ಯಾವ ಫೈಲು ಎಲ್ಲಿದೆಯೆಂದು ಬರೆದಿಡುವ ಒಂದೇ ಕೋಷ್ಟಕ ಮತ್ತೆ ಮತ್ತೆ ಬರೆಯಲ್ಪಟ್ಟು ಫ್ಲ್ಯಾಶ್ ಬೇಗ ಸವೆಯುತ್ತದೆ. ಮೌಂಟ್ ಆದೇಶದ ಕೈಪಿಡಿಯೂ ಈ ಎಚ್ಚರಿಕೆಯನ್ನು ಕೊಟ್ಟಿದೆ. ಅಲ್ಲಿ ‘ಫ್ಲಶ್’ ಆಯ್ಕೆಯೇ ಹಿತ: ಅದು ದತ್ತಾಂಶವನ್ನು ಬೇಗ ಇಳಿಸತೊಡಗುತ್ತದೆ, ಹೆಜ್ಜೆಹೆಜ್ಜೆಗೂ ಕಾಯಿಸುವುದಿಲ್ಲ.

ಈಗ ಡಿಸ್ಕು ಏಸಿಂಕ್‌ಗೆ ಮರಳಿದೆ. ನಕಲಾದ ಕೂಡಲೇ ಟರ್ಮಿನಲ್‌ನಲ್ಲಿ ಸಿಂಕ್ ಆದೇಶ ಕೊಟ್ಟು (ಇದು ಮೌಂಟ್ ಆಯ್ಕೆಯಲ್ಲ, ಇಳಿಯದೆ ಉಳಿದದ್ದನ್ನೆಲ್ಲ ಆಗಲೇ ಡಿಸ್ಕಿಗೆ ಇಳಿಸುವ ಆದೇಶ), ಅದು ಮುಗಿದ ಮೇಲಷ್ಟೇ ಕ್ಯಾಮೆರಾದ ಕಾರ್ಡನ್ನು ಅಳಿಸುತ್ತೇನೆ.