ಟೇಪು ಸುತ್ತಿದ ಜೂಮ್, 35 ಮಿ.ಮೀ. ಪ್ರೈಮ್, 36 ಚಿತ್ರಗಳ ರೀಲು: ಒಂದೇ ಮಾರುಕಟ್ಟೆಯಲ್ಲಿ ಮೂರು ಅಭ್ಯಾಸಗಳು

ಕ್ಯಾಮೆರಾ ಕೊಂಡು ಆರು ವರ್ಷಗಳಾದರೂ ನನ್ನ ಚಿತ್ರಗಳು ಎರಡನೆಯ ವರ್ಷದಲ್ಲಿ ಇದ್ದಲ್ಲಿಯೇ ನಿಂತಿವೆ ಎಂಬುದು, ಒಂದು ಮಳೆಗಾಲದ ಮಧ್ಯಾಹ್ನ ಹಳೆಯ ಫೋಲ್ಡರುಗಳನ್ನು ತೆರೆದು ಕುಳಿತಾಗ ಗೊತ್ತಾಯಿತು. ಪ್ರತಿ ಚಿತ್ರದೊಡನೆ ಕ್ಯಾಮೆರಾ ತಾನಾಗಿಯೇ ಬರೆದಿಡುವ ವಿವರಗಳಲ್ಲಿ ಫೋಕಲ್ ಲೆಂತ್ ಕೂಡ ಇರುತ್ತದೆ; ಈ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹಿಡಿಯುವ ನೋಟ ಅಗಲ, ದೊಡ್ಡದಾದಷ್ಟೂ ಎದುರಿನದು ಹತ್ತಿರ. ಅದನ್ನೊಂದನ್ನೇ ನೋಡುತ್ತಾ ಹೋದರೆ, ಮುಕ್ಕಾಲು ಪಾಲು ಚಿತ್ರಗಳು ಒಂದೋ 18 ಮಿ.ಮೀ., ಇಲ್ಲವೇ 55 ಮಿ.ಮೀ. ಕ್ಯಾಮೆರಾದೊಡನೆ ಬಂದ 18-55 ಜೂಮ್ ಲೆನ್ಸಿನ ಎರಡು ತುದಿಗಳು ಅವು. ನಿಂತ ಜಾಗದಿಂದ ಕದಲದೆ, ಎಲ್ಲವೂ ಹಿಡಿಯಲಿ ಎಂದರೆ ಉಂಗುರವನ್ನು ಆ ಕಡೆಗೆ, ಹತ್ತಿರ ಬರಲಿ ಎಂದರೆ ಈ ಕಡೆಗೆ ಕೊನೆಯವರೆಗೆ ತಿರುಗಿಸುವುದನ್ನೇ ನಾನು ಚಿತ್ರ ತೆಗೆಯುವುದು ಎಂದುಕೊಂಡಿದ್ದೆ.

ಇದಕ್ಕೆ ಮದ್ದು ಕೇಳಿದಾಗ ಇಬ್ಬರು ಗೆಳೆಯರು ಎರಡು ದಾರಿ ತೋರಿಸಿದರು. ಜೂಮ್ ಬಿಟ್ಟು, ಒಂದೇ ಫೋಕಲ್ ಲೆಂತ್ ಇರುವ ಪ್ರೈಮ್ ಲೆನ್ಸ್ ಹಾಕಿಕೋ ಎಂದರು ಒಬ್ಬರು. ಡಿಜಿಟಲ್ಲನ್ನೇ ಬದಿಗಿಟ್ಟು ಫಿಲ್ಮ್ ಕ್ಯಾಮೆರಾ ಹಿಡಿ ಎಂದರು ಇನ್ನೊಬ್ಬರು. ಎರಡನ್ನೂ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ, ತಲಾ ನಾಲ್ಕು ಭಾನುವಾರ ಪರೀಕ್ಷಿಸಿದೆ. ಮೂರನೆಯ ಅಭ್ಯಾಸ ಆಮೇಲೆ ಹೊಳೆದದ್ದು.

ಮೊದಲು ಬಂದದ್ದು ನಿಕಾನ್‌ನ 35 ಮಿ.ಮೀ. ಎಫ್/1.8 ಲೆನ್ಸ್, ಬೇರೊಬ್ಬರು ಬಳಸಿ ಬಿಟ್ಟದ್ದು. ನನ್ನ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಾದ್ದರಿಂದ ಅದರಲ್ಲಿ ಈ ಲೆನ್ಸ್ ಹಳೆಯ ಫಿಲ್ಮ್ ಕ್ಯಾಮೆರಾಗಳ 50 ಮಿ.ಮೀ. ಲೆನ್ಸಿನ ಹೆಚ್ಚುಕಡಿಮೆ ಅಷ್ಟೇ ನೋಟವನ್ನು ಹಿಡಿಯುತ್ತದೆ. ಹೂವಿನ ಸಾಲಿನಲ್ಲಿ ಮೊದಲ ದಿನ ನನಗೆ ಏನೂ ಸಿಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಮಲ್ಲಿಗೆ ಮೊಳ ಹಾಕುತ್ತಿದ್ದ ಹೆಂಗಸಿನ ಕೈಯನ್ನು ಚೌಕಟ್ಟಿಗೆ ತುಂಬಿಸಬೇಕೆಂದರೆ ಮೂರು ಅಡಿಯಷ್ಟು ಹತ್ತಿರ ಹೋಗಬೇಕು. ಹೋದರೆ ಆಕೆ ತಲೆಯೆತ್ತುತ್ತಾರೆ. ‘ಏನ್ ಸ್ವಾಮಿ, ಹೂ ಬೇಕಾ, ಫೋಟೊ ಬೇಕಾ?’ ಎಂದು ಕೇಳಿದರು. ಎರಡು ಮೊಳ ಕೊಂಡು, ಫೋಟೊ ಕೇಳಲು ನನಗೆ ಮೂರನೆಯ ಭಾನುವಾರದವರೆಗೆ ಧೈರ್ಯ ಬರಲಿಲ್ಲ. ಜೂಮ್ ಇದ್ದಿದ್ದರೆ ದೂರದಿಂದ 55ಕ್ಕೆ ತಿರುಗಿಸಿ, ಆಕೆಗೆ ಗೊತ್ತಾಗದಂತೆ ತೆಗೆದುಕೊಂಡು ಬರುತ್ತಿದ್ದೆ. ಅಂಥ ಚಿತ್ರಗಳು ನನ್ನಲ್ಲಿ ನೂರಾರಿವೆ, ಒಂದರಲ್ಲೂ ಎದುರಿನವರು ನನ್ನನ್ನು ನೋಡುತ್ತಿಲ್ಲ.

ಪ್ರೈಮ್ ಲೆನ್ಸಿನ ನಿಜವಾದ ಲಾಭ ಬೆಳಕಿನದು, ಮತ್ತು ಅದನ್ನು ಲೆಕ್ಕದಲ್ಲೇ ಹೇಳಬಹುದು. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲವಾಗಿ ತೆರೆಯುತ್ತದೆ. 55ರ ತುದಿಯಲ್ಲಿ ನನ್ನ ಜೂಮ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಎಫ್/1.8 ಅದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಚಾವಣಿಯಡಿಯ ಮಬ್ಬಿನಲ್ಲಿ ಜೂಮ್‌ಗೆ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ, 3200 ಬೇಕಾದಲ್ಲಿ, ಅದೇ ಷಟರ್ ವೇಗಕ್ಕೆ ಇದಕ್ಕೆ 400 ಸಾಕಾಯಿತು. ಆದರೆ ಇದೇ ಲಾಭ ನನ್ನ ಮೊದಲ ಎರಡು ವಾರಗಳ ಚಿತ್ರಗಳನ್ನು ಹಾಳುಮಾಡಿತು. ಒಂದು ಮೀಟರ್ ದೂರದಲ್ಲಿ ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿಯ ದಪ್ಪ ಸುಮಾರು ಆರು ಸೆಂಟಿಮೀಟರ್ ಮಾತ್ರ. ಹಾಗಾಗಿ ನೂಲು ಹಿಡಿದ ಬೆರಳು ಸ್ಪಷ್ಟವಾದರೆ ಮುಖ ಮಸುಕು, ಮುಖ ಸಿಕ್ಕರೆ ಹೂವು ಬರೀ ಬಿಳಿಯ ಮೋಡ. ಹಿನ್ನೆಲೆ ಮಸುಕಾದರೆ ಒಳ್ಳೆಯ ಚಿತ್ರವಾಯಿತೆಂದು ನಂಬುವ ರೋಗ ಹೊಸ ಪ್ರೈಮ್ ಕೊಂಡವರಿಗೆಲ್ಲ ತಗಲುತ್ತದೆ, ನನಗೂ ತಗಲಿತ್ತು. ಮಾರುಕಟ್ಟೆಯಲ್ಲಿ ತೆಗೆದ ಚಿತ್ರದಲ್ಲಿ ಮಾರುಕಟ್ಟೆಯೇ ಕಾಣುತ್ತಿಲ್ಲವಲ್ಲ ಎಂದು ಮನೆಯಲ್ಲಿ ಕೇಳಿದ ಮೇಲೆ ಎಫ್/4ಕ್ಕೆ ಬಂದೆ.

ಫಿಲ್ಮ್‌ಗಾಗಿ ಎರವಲು ತಂದದ್ದು ಪೆಂಟಾಕ್ಸ್ ಕೆ1000. 1976ರಲ್ಲಿ ಮಾರುಕಟ್ಟೆಗೆ ಬಂದ, ಎಲ್ಲವನ್ನೂ ಕೈಯಿಂದಲೇ ಮಾಡಬೇಕಾದ ಕ್ಯಾಮೆರಾ ಇದು. ಬ್ಯಾಟರಿ ಇರುವುದು ಬೆಳಕಿನ ಮೀಟರಿನ ಸೂಜಿಗೆ ಮಾತ್ರ, ಷಟರಿಗೆ ಅದರ ಹಂಗಿಲ್ಲ. ಹಾಕಿದ್ದು ಐಎಸ್‌ಒ 400ರ, 36 ಚಿತ್ರಗಳ ಕಪ್ಪುಬಿಳುಪು ರೀಲು. ಮೊದಲ ಭಾನುವಾರ ಬಹಳ ಸಂಯಮದಿಂದ, ಒಂದೊಂದು ಚಿತ್ರಕ್ಕೂ ಮೂರು ಮೂರು ನಿಮಿಷ ಕಾದು ತೆಗೆದೆ. ಕೌಂಟರ್ 36 ತೋರಿಸಿತು, 37 ಆಯಿತು, 38 ಆಯಿತು, ಆದರೂ ಫಿಲ್ಮನ್ನು ಮುಂದಕ್ಕೆಳೆಯುವ ಲಿವರ್ ಬಿಗಿಯಾಗಲಿಲ್ಲ. ಹಿಂದಕ್ಕೆ ಸುತ್ತುವ ಹಿಡಿಯನ್ನು ತಿರುಗಿಸಿದರೆ ಗಾಳಿಯಲ್ಲಿ ತಿರುಗಿದಂತೆ ತಿರುಗಿತು. ಫಿಲ್ಮಿನ ನಾಲಗೆ ಸುರುಳಿಗೆ ಸಿಕ್ಕಿಯೇ ಇರಲಿಲ್ಲ. ಎರಡು ಗಂಟೆ ಕಾಲ ನಾನು ತೆಗೆದದ್ದು ಏನೂ ಅಲ್ಲ. ಲಿವರ್ ಎಳೆದಾಗ ಎಡಗಡೆಯ ಆ ಹಿಡಿಯೂ ತಿರುಗುತ್ತಿದೆಯೇ ಎಂದು ನೋಡಿದ್ದರೆ ಮೊದಲ ಚಿತ್ರದಲ್ಲೇ ತಿಳಿಯುತ್ತಿತ್ತು. ಈಗ ಆ ಅಭ್ಯಾಸ ನನ್ನ ಕೈಗೆ ಎಷ್ಟು ಹತ್ತಿದೆಯೆಂದರೆ, ಡಿಜಿಟಲ್ ಕ್ಯಾಮೆರಾದಲ್ಲೂ ಒಂದು ಕ್ಷಣ ಎಡಗಡೆಗೆ ಕಣ್ಣು ಹೋಗುತ್ತದೆ.

ಫಿಲ್ಮ್‌ನಿಂದ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಕೊಡಬೇಕೆಂಬುದನ್ನು, ಕಲಿಯಬಹುದು ಎಂಬ ಮಾತನ್ನು ಬಹಳ ಕೇಳಿದ್ದೆ. ನನ್ನ ಅನುಭವ ಇದಕ್ಕೆ ವಿರುದ್ಧ. ಕ್ಯಾಮೆರಾದ ಮೀಟರು ಸಾಮಾನ್ಯವಾಗಿ ಎದುರಿಗಿರುವುದೆಲ್ಲ ಸರಾಸರಿ ಬೂದುಬಣ್ಣದ್ದು ಎಂದುಕೊಂಡೇ ಅಳೆಯುತ್ತದೆ. ಬುಟ್ಟಿಯ ತುಂಬ ಮಲ್ಲಿಗೆಯನ್ನು ತೋರಿಸಿದರೆ ಮಲ್ಲಿಗೆ ಬೂದಿಯಂತೆ ಬರುತ್ತದೆ, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಟ್ಟರೆ ಮಾತ್ರ ಬಿಳುಪಾಗುತ್ತದೆ. ಡಿಜಿಟಲ್‌ನಲ್ಲಿ ಇದನ್ನು ಕಲಿಯಲು ನನಗೆ ನಾಲ್ಕು ಚಿತ್ರಗಳು, ಒಂದು ನಿಮಿಷ ಸಾಕಾಯಿತು. ಫಿಲ್ಮ್‌ನಲ್ಲಿ ರೀಲು ತೊಳೆಸಿ, ಸ್ಕ್ಯಾನ್ ಆಗಿ ಬರುವಷ್ಟರಲ್ಲಿ ಹತ್ತು ದಿನ ಕಳೆದಿತ್ತು, ಹನ್ನೊಂದನೆಯ ಚಿತ್ರಕ್ಕೆ ಏನು ಇಟ್ಟಿದ್ದೆ ಎಂಬುದು ಮರೆತಿತ್ತು. ಮೂರನೆಯ ವಾರದಿಂದ ಚೀಟಿಯಲ್ಲಿ ಬರೆದುಕೊಂಡರೂ, ನೆಗೆಟಿವ್ ಫಿಲ್ಮ್ ಒಂದೆರಡು ಸ್ಟಾಪ್ ಹೆಚ್ಚಾದದ್ದನ್ನು ಸಹಿಸಿಕೊಂಡು ಬಿಡುವುದರಿಂದ ತಪ್ಪು ತಪ್ಪಾಗಿ ಕಾಣಲೇ ಇಲ್ಲ.

ಕುಂಕುಮದ ರಾಶಿಯ ಪಾಠವಂತೂ ಡಿಜಿಟಲ್‌ಗೇ ಮೀಸಲು. ಶಂಕುವಿನಂತೆ ಒಟ್ಟಿದ ಆ ರಾಶಿಯನ್ನು ತೆಗೆದಾಗಲೆಲ್ಲ ಪುಡಿಯ ಕಣಗಳು ಮಾಯವಾಗಿ, ಕೆಂಪು ಪ್ಲಾಸ್ಟಿಕ್ಕಿನ ಗೊಂಬೆಯಂತೆ ಕಾಣುತ್ತಿತ್ತು. ಚಿತ್ರದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ, ಅಂದರೆ ಒಟ್ಟು ಬೆಳಕಿನ ಹಿಸ್ಟೋಗ್ರಾಮ್, ಎಲ್ಲ ಸರಿಯಿದೆ ಎನ್ನುತ್ತಿತ್ತು. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಪುಟಕ್ಕೆ ಹೋದಾಗ ಕೆಂಪಿನದು ಮಾತ್ರ ಮಿತಿ ಮೀರಿ ಬಲಗಡೆಯ ಗೋಡೆಗೆ ಅಂಟಿಕೊಂಡಿತ್ತು. ಮೂರನೇ ಎರಡು ಸ್ಟಾಪ್ ಇಳಿಸಿದೊಡನೆ ರಾಶಿಯ ಅಂಚಿನಲ್ಲಿ ಚಮಚ ಬಿಟ್ಟ ಗೆರೆಯವರೆಗೆ ಎಲ್ಲವೂ ಮರಳಿ ಬಂತು.

ಹಾಗಾದರೆ ಫಿಲ್ಮ್ ಏನನ್ನೂ ಕಲಿಸಲಿಲ್ಲವೇ ಎಂದರೆ, ಬೇರೆಯದನ್ನು ಕಲಿಸಿತು. ವೀಳ್ಯದೆಲೆಯ ಕವಳಿಗೆಯ ಪಕ್ಕ ಇದೇ ಕುಂಕುಮವಿದ್ದ ಒಂದು ಚಿತ್ರವನ್ನು, ಬಹಳ ಚೆನ್ನಾಗಿ ಬಂದಿರುತ್ತದೆಂಬ ಭರವಸೆಯಿಂದ ಕಾಯುತ್ತಿದ್ದೆ. ಬಂದ ಚಿತ್ರದಲ್ಲಿ ಹಸಿರೂ ಕೆಂಪೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗಿ, ಎಲೆ ಎಲ್ಲಿ ಮುಗಿದು ಪುಡಿ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ನನ್ನ ಎಷ್ಟೋ ಚಿತ್ರಗಳು ಬಣ್ಣದ ಆಸರೆಯಿಂದಲೇ ನಿಂತಿವೆ, ಅವುಗಳಲ್ಲಿ ನೆರಳುಬೆಳಕಿನ ಕಟ್ಟು ಇಲ್ಲ ಎಂಬುದನ್ನು ಆ ಒಂದು ಸೋತ ಚಿತ್ರ ತೋರಿಸಿಕೊಟ್ಟಿತು. ಡಿಜಿಟಲ್‌ನಲ್ಲೂ ಪರದೆಯನ್ನು ಕಪ್ಪುಬಿಳುಪಿಗೆ ಇಟ್ಟುಕೊಳ್ಳಬಹುದು ನಿಜ. ಆದರೆ ಬಣ್ಣಕ್ಕೆ ಮರಳುವ ಗುಂಡಿ ಬೆರಳಿನ ಕೆಳಗೇ ಇರುವಾಗ ಯಾರೂ ಬಹಳ ಹೊತ್ತು ಅದರಲ್ಲಿ ಉಳಿಯುವುದಿಲ್ಲ. ಇನ್ನೊಂದು ಲಾಭವೆಂದರೆ ಅಳಿಸಲಾಗದ 36 ಚಿತ್ರಗಳನ್ನು ತೆಗೆದ ಕ್ರಮದಲ್ಲೇ ಒಟ್ಟಿಗೆ ನೋಡುವುದು. ಒಂದೇ ಅಂಗಡಿಯ ಮುಂದೆ ಐದು ಚಿತ್ರ ತೆಗೆದು, ಆರನೆಯದರ ಹೊತ್ತಿಗೆ, ಅಂದರೆ ಏನೋ ನಡೆಯುವ ಮೊದಲೇ, ಹೊರಟುಹೋಗುವ ನನ್ನ ಚಾಳಿ ಅಲ್ಲಿ ಎದ್ದು ಕಂಡಿತು. ಖರ್ಚು ಮಾತ್ರ ಕೈ ಕಚ್ಚುತ್ತದೆ: ರೀಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುತ್ತದೆ.

ಎರಡೂ ಮುಗಿದ ಮೇಲೆ ಒಂದು ಅನುಮಾನ ಉಳಿಯಿತು. ನನ್ನನ್ನು ಮುಂದೆ ತಳ್ಳಿದ್ದು ಆ ಲೆನ್ಸಿನ ಗಾಜೋ, ಇಲ್ಲವೇ ಉಂಗುರ ತಿರುಗಿಸಲಾಗದ ಕಟ್ಟುಪಾಡೋ? ಹಳೆಯ 18-55ರ ಉಂಗುರವನ್ನು 35ರ ಗುರುತಿಗೆ ತಂದು, ವೈರಿಗೆ ಸುತ್ತುವ ಕಪ್ಪು ಇನ್ಸುಲೇಷನ್ ಟೇಪನ್ನು ಎರಡು ಸುತ್ತು ಸುತ್ತಿದೆ. ಖರ್ಚು ಹತ್ತಿಪ್ಪತ್ತು ರೂಪಾಯಿ. ನಾಲ್ಕು ಭಾನುವಾರ ಅದರಲ್ಲೇ ತೆಗೆದೆ. ಹತ್ತಿರ ಹೋಗಿ ಮಾತನಾಡಿಸುವುದು, ಒಂದು ಹೆಜ್ಜೆ ಎಡಕ್ಕೆ ಸರಿದು ಹಿಂದಿನ ಕಂಬವನ್ನು ತಪ್ಪಿಸುವುದು, ಕ್ಯಾಮೆರಾ ಕಣ್ಣಿಗಿಡುವ ಮೊದಲೇ ಚೌಕಟ್ಟಿನಲ್ಲಿ ಏನು ಬರುತ್ತದೆಂದು ಊಹಿಸುವುದು, ಇವೆಲ್ಲ ಪ್ರೈಮ್‌ನಲ್ಲಿ ಹೇಗೋ ಇಲ್ಲೂ ಹಾಗೆಯೇ ಆದವು. ಹೊರಗಿನ ಬಾಳೆಹಣ್ಣಿನ ಸಾಲಿನ ಬಿಸಿಲಿನಲ್ಲಿ ತೆಗೆದ ಎರಡು ಲೆನ್ಸುಗಳ ಚಿತ್ರಗಳನ್ನು ಬೆರೆಸಿಟ್ಟರೆ ನಾನೇ ಗುರುತಿಸಲಾರೆ. ಹಿಂದೆಬಿದ್ದದ್ದು ಮಬ್ಬಿನಲ್ಲಿ ಮಾತ್ರ. ಸಂಜೆ ಅರಮನೆಯ ದೀಪಗಳ ಮುಂದೆ ನಿಂತ ಮನೆಯವರನ್ನು ಕೈಯಲ್ಲೇ ಹಿಡಿದು ತೆಗೆಯಲು ಹೋದಾಗ ಟೇಪಿನ ಜೂಮ್ ಸೋತಿತು, ಪ್ರೈಮ್ ಸಲೀಸಾಗಿ ನಿಭಾಯಿಸಿತು.

ಆದ್ದರಿಂದ ಪ್ರೈಮ್ ಕೊಳ್ಳಲೇ ಎಂದು ಕೇಳುವವರಿಗೆ ನಾನು ಮೊದಲು ಟೇಪು ಸುತ್ತಲು ಹೇಳುತ್ತೇನೆ. ಒಂದು ತಿಂಗಳ ಬಳಿಕ ಬೇಡವೆಂದು ತೆಗೆದಿಟ್ಟ ಚಿತ್ರಗಳನ್ನು ಗುಂಪು ಮಾಡಿ ನೋಡಬೇಕು. ಹೆಚ್ಚಿನವು ಅಲುಗಾಡಿ, ಕಾಳುಕಾಳಾಗಿ ಕೆಟ್ಟಿದ್ದರೆ ಪ್ರೈಮ್ ಕೊಳ್ಳಬಹುದು. ಎಲ್ಲವೂ ಸ್ಪಷ್ಟವಾಗಿದ್ದೂ ಅವಸರದಲ್ಲಿ ತೆಗೆದಂತಿದ್ದರೆ ಯಾರದಾದರೂ ಬೀರುವಿನಲ್ಲಿ ಮಲಗಿರುವ ಫಿಲ್ಮ್ ಕ್ಯಾಮೆರಾ ಎರವಲು ತಂದು ಎರಡು ರೀಲು ತೆಗೆದರೆ ಸಾಕು, ಮೂರನೆಯದು ದುಬಾರಿ. ನನ್ನ ಜೂಮ್‌ನ ಟೇಪನ್ನು ಇನ್ನೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಅದರ ಅಂಟು ಕರಗಿ ಬೆರಳಿಗೆ ಹತ್ತುತ್ತದೆ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿಕೊಳ್ಳುತ್ತೇನೆ.